1974ರ ಫೆಂಡರ್ ಡೀಲಕ್ಸ್ ರಿವರ್ಬ್: ಹಳೇ ಟ್ಯೂಬ್ ಆಂಪ್ ಹೊತ್ಕೊಂಡು ವರ್ಷಗಟ್ಟಲೆ ಗಿಗ್ ಮಾಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಗಿಗ್ (ಸ್ಟೇಜ್ ಕಾರ್ಯಕ್ರಮ) ಮಾಡೋಕೆ ಹಳೇ ಟ್ಯೂಬ್ ಆಂಪ್, ಅಂದ್ರೆ ಗಾಜಿನ ವ್ಯಾಕ್ಯೂಮ್ ಟ್ಯೂಬ್ ಇರೋ ಗಿಟಾರ್ ಆಂಪ್ಲಿಫೈಯರ್ ಬೇಕು ಅಂತಿರೋರು 70ರ ದಶಕದ ಸಿಲ್ವರ್‌ಫೇಸ್ (ಬೆಳ್ಳಿ ಬಣ್ಣದ ಕಂಟ್ರೋಲ್ ಪ್ಯಾನಲ್ ಇರೋ) ಡೀಲಕ್ಸ್ ರಿವರ್ಬ್ ಒಂದನ್ನ ಹುಡುಕಿ, ಮೈಮೇಲೆ ಗೀರು, ಸಿಗರೇಟಿನ ಕಲೆ ಏನಿದ್ರೂ ಪರ್ವಾಗಿಲ್ಲ, ಟ್ರಾನ್ಸ್‌ಫಾರ್ಮರ್‌ಗಳು ಒರಿಜಿನಲ್ ಇರ್ಲಿ, ಉಳಿದಿದ್ದನ್ನೆಲ್ಲ ರಿಪೇರಿ ಮಾಡಿಸ್ಬಹುದು. ನನ್ನ ಹತ್ರ ಇರೋದು 1974ರದ್ದು. ಶಿಕಾಗೋ ಸುತ್ತಮುತ್ತ ಬಾರ್‌ಗಳಲ್ಲಿ ಬ್ಲೂಸ್, ಹಳೇ ರಾಕ್ ಬಾರಿಸೋ ನಾಲ್ಕು ಜನರ ಬ್ಯಾಂಡ್ ನಮ್ದು, ಜೊತೆಗೆ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾದಲ್ಲೂ ಕೂರ್ತೀನಿ, ಎರಡಕ್ಕೂ ಇದೊಂದೇ ಆಂಪ್.

ಗಿಗ್‌ಗೆ ಅಂದ ತಕ್ಷಣ ಎಲ್ರೂ ದೊಡ್ಡದು ನೋಡ್ತಾರೆ. ಫೆಂಡರ್‌ದೇ ದೊಡ್ಡ ಆಂಪ್ ಟ್ವಿನ್ ರಿವರ್ಬ್ 85 ವ್ಯಾಟ್, ಡೀಲಕ್ಸ್ ಬರೀ 22, ನಾಲ್ಕು ಪಟ್ಟು ಜೋರಿರತ್ತೆ ಅನ್ಕೋತಾರೆ, ಆದ್ರೆ ಲೆಕ್ಕ ಹಾಕಿದ್ರೆ ಆ ವ್ಯತ್ಯಾಸ ಸುಮಾರು 6 ಡೆಸಿಬೆಲ್ ಅಷ್ಟೇ, ಕಿವಿಗೆ ಎರಡು ಪಟ್ಟು ಜೋರು ಅನ್ನಿಸೋಕೇ ಹತ್ತು ಡೆಸಿಬೆಲ್ ಹತ್ರ ಬೇಕು. ಆ 6 ಡೆಸಿಬೆಲ್‌ಗೋಸ್ಕರ 30 ಕೆಜಿ ಡಬ್ಬ ಹೊರ್ಬೇಕು, ಮೇಲಿಂದ ಅದು ಚೆನ್ನಾಗಿ ಕೇಳ್ಸೋ ವಾಲ್ಯೂಮಿಗೆ ಬರೋ ಹೊತ್ತಿಗೆ ಬಾರ್ ಓನರ್ ಬಂದು ನಿಂತಿರ್ತಾನೆ. ಡೀಲಕ್ಸ್ ಸುಮಾರು 19 ಕೆಜಿ, ಒಂದು ಕೈಯಲ್ಲಿ ಆಂಪ್ ಇನ್ನೊಂದು ಕೈಯಲ್ಲಿ ಗಿಟಾರ್ ಹಿಡ್ಕೊಂಡು ಮೆಟ್ಟಿಲು ಹತ್ಬಹುದು. ಅದಕ್ಕಿಂತ ಚಿಕ್ಕದು ಪ್ರಿನ್ಸ್‌ಟನ್ ರಿವರ್ಬ್ ಇದೆ, 10 ಇಂಚಿನ ಸ್ಪೀಕರ್, ಮನೇಲಿ, ಸ್ಟುಡಿಯೋದಲ್ಲಿ ಬಹಳ ಚೆಂದ, ಆದ್ರೆ ಡ್ರಮ್ಮರ್ ಸ್ವಲ್ಪ ಗಟ್ಟಿ ಕೈಯವನಾದ್ರೆ ಕ್ಲೀನ್ ಸೌಂಡ್ ಉಳಿಯಲ್ಲ. ಹಾಗಾಗಿ ನಂಗೆ ಡೀಲಕ್ಸೇ ಸರಿ ಅನ್ನಿಸ್ತು. ನೂರು ನೂರೈವತ್ತು ಜನ ಹಿಡಿಯೋ ಜಾಗಕ್ಕೆ ವಾಲ್ಯೂಮ್ 4ರಲ್ಲಿ ಕ್ಲೀನ್, 5-6ಕ್ಕೆ ಹೋದ್ರೆ ಸೌಂಡ್ ಒಡೆಯೋಕೆ (ಡಿಸ್ಟಾರ್ಟ್ ಆಗೋಕೆ) ಶುರುವಾಗತ್ತೆ, ಇನ್ನೂ ದೊಡ್ಡ ಹಾಲ್ ಆದ್ರೆ ಹೇಗೂ ಮುಂದೆ ಮೈಕ್ ಇಡ್ತಾರೆ.

ಇನ್ನು ಬ್ಲ್ಯಾಕ್‌ಫೇಸಾ ಸಿಲ್ವರ್‌ಫೇಸಾ ಅನ್ನೋ ಜಗಳ. ಡೀಲಕ್ಸ್ ರಿವರ್ಬ್ ಶುರುವಾಗಿದ್ದು 1963ರಲ್ಲಿ, ಆಗ ಕಂಟ್ರೋಲ್ ಪ್ಯಾನಲ್ ಕಪ್ಪು. 1965ರ ಜನವರಿಯಲ್ಲಿ ಲಿಯೋ ಫೆಂಡರ್ ಕಂಪನಿನ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ ಮಾರಿದ್ರು, 67ರ ಕೊನೆ, 68ರ ಹೊತ್ತಿಗೆ ಪ್ಯಾನಲ್ ಬೆಳ್ಳಿ ಬಣ್ಣ ಆಯ್ತು, ಅಲ್ಲಿಂದ "ಸಿಬಿಎಸ್ ಕಾಲದ್ದೆಲ್ಲ ಸರಿಯಿಲ್ಲ" ಅನ್ನೋ ಮಾತು ಹಬ್ಬಿಬಿಡ್ತು. ದೊಡ್ಡ ಮಾಡೆಲ್‌ಗಳ ಸರ್ಕ್ಯೂಟಲ್ಲಿ ಬದಲಾವಣೆ ಜಾಸ್ತಿ ಆಗಿದ್ದು ನಿಜ. ಆದ್ರೆ ಡೀಲಕ್ಸ್, ಪ್ರಿನ್ಸ್‌ಟನ್ ಎರಡನ್ನ ಅಷ್ಟಾಗಿ ಮುಟ್ಟಲಿಲ್ಲ, ಎಬಿ763 ಅನ್ನೋ ಹಳೇ ಸರ್ಕ್ಯೂಟಿಗೆ ತುಂಬಾ ಹತ್ರಾನೇ ಉಳ್ಕೊಂಡ್ವು. ಅದೇ ಎರಡು 6ವಿ6 ಪವರ್ ಟ್ಯೂಬ್, ಅದೇ ಸ್ಪ್ರಿಂಗ್ ರಿವರ್ಬ್ (ಮಾರ್ದನಿ ಕೊಡೋದು), ಅದೇ ಟ್ರೆಮೊಲೊ (ಸೌಂಡನ್ನ ಅಲೆಯಂತೆ ಏರಿಳಿಸೋದು), ಕೈಯಲ್ಲೇ ಬೆಸುಗೆ ಹಾಕಿದ ಬೋರ್ಡ್. ಬೆಲೆ ಮಾತ್ರ ಬ್ಲ್ಯಾಕ್‌ಫೇಸಿಗಿಂತ ತುಂಬಾನೇ ಕಮ್ಮಿ. ಶೋಕೇಸಲ್ಲಿ ಇಡೋರು ಕಪ್ಪು ಪ್ಯಾನಲ್‌ಗೆ ದುಡ್ಡು ಕೊಡ್ಲಿ, ವಾರ ವಾರ ಕಾರಿನ ಡಿಕ್ಕಿಗೆ ಹಾಕೋರಿಗೆ ಆ ದುಡ್ಡಿಂದ ಏನೂ ಸಿಗಲ್ಲ.

ಕೊಳ್ಳೋಕೆ ಮುಂಚೆ ಕಲಿಯಲೇಬೇಕಾದ್ದು ಡೇಟ್ ಕೋಡ್ ಓದೋದು. ಟ್ರಾನ್ಸ್‌ಫಾರ್ಮರ್ ಮೇಲೆ 606 ಅಂತ ಶುರುವಾಗೋ ನಂಬರ್ ಇದ್ರೆ ಅದು ಶೂಮಾಕರ್ ಕಂಪನಿದು, ಆಮೇಲಿನ ಒಂದು ಅಂಕಿ ವರ್ಷದ ಕೊನೇ ಅಂಕಿ, ಅದಾದ್ಮೇಲಿನ ಎರಡು ಅಂಕಿ ಆ ವರ್ಷದ ಎಷ್ಟನೇ ವಾರ ಅನ್ನೋದು. 606-4-ಇಷ್ಟು ಅಂತಿದ್ರೆ 1964 ಇರ್ಬಹುದು, 1974 ಇರ್ಬಹುದು, ಅದನ್ನ ಬಿಡಿಸೋಕೆ ಪಾಟ್‌ಗಳ (ಗುಬ್ಬಿಗಳ ಹಿಂದಿರೋ ಭಾಗಗಳ) ಬೆನ್ನು ನೋಡ್ಬೇಕು, ಅಲ್ಲಿ 137 ಅಂತಿದ್ರೆ ಸಿಟಿಎಸ್ ಕಂಪನಿದು, ಅದರ ಮುಂದಿನ ಎರಡು ಅಂಕಿ ವರ್ಷ, ಆಮೇಲಿನ ಎರಡು ಅಂಕಿ ವಾರ. ಸ್ಪೀಕರಿಗೂ ಹಾಗೇನೇ, 465 ಅಂದ್ರೆ ಆಕ್ಸ್‌ಫರ್ಡ್, 220 ಅಂದ್ರೆ ಜೆನ್ಸನ್. ಆಂಪ್ ಜೋಡಿಸಿದ್ದು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ, ಆದ್ರೆ ಶೂಮಾಕರ್, ಆಕ್ಸ್‌ಫರ್ಡ್, ಜೆನ್ಸನ್, ಜ್ಯಾಕ್ ಮಾಡೋ ಸ್ವಿಚ್‌ಕ್ರಾಫ್ಟ್ ಎಲ್ಲಾ ಶಿಕಾಗೋ ಕಂಪನಿಗಳು, ಅರ್ಧ ಆಂಪ್ ನಮ್ಮೂರದ್ದೇ ಅಂತ ಗೊತ್ತಾದಾಗ ನಂಗೆ ಬಹಳ ಖುಷಿ ಆಯ್ತು.

ಈ ಓದು ಎಷ್ಟು ಉಪಯೋಗಕ್ಕೆ ಬಂತು ಅಂದ್ರೆ, ಒಂದು ಅಂಗಡಿಯಲ್ಲಿ "ಎಲ್ಲಾ ಒರಿಜಿನಲ್" ಅಂತ ಚೀಟಿ ಅಂಟಿಸಿದ್ದ ಆಂಪಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ ಯಾವ ಕೋಡೂ ಇರ್ಲಿಲ್ಲ, ಹೊಸ ವೈರು, ಹೊಸ ಬೆಸುಗೆ. ಬದಲಾಯಿಸಿದ್ದು ತಪ್ಪಲ್ಲ, ಆದ್ರೆ ಒರಿಜಿನಲ್ ರೇಟ್ ಕೇಳೋದು ತಪ್ಪು, ಹೇಳಿದೆ, ರೇಟ್ ಇಳಿಸ್ಲಿಲ್ಲ, ಬಂದ್ಬಿಟ್ಟೆ. ನಾನು ತಗೊಂಡಿದ್ದು ಒಬ್ಬ ಮ್ಯೂಸಿಷಿಯನ್ ಹತ್ರ ನೇರವಾಗಿ, 1,500 ಡಾಲರ್‌ಗಿಂತ ಸ್ವಲ್ಪ ಕಮ್ಮಿಗೆ. ಸ್ಪೀಕರ್ ಬದಲಾಗಿತ್ತು, ಹಿಡಿ ಬದಲಾಗಿತ್ತು, ಮುಂದಿನ ಬಟ್ಟೆ ಒಂದು ಮೂಲೇಲಿ ಹರಿದಿತ್ತು, ಅದಕ್ಕೇ ಬೆಲೆ ಇಳಿದಿತ್ತು, ಟ್ರಾನ್ಸ್‌ಫಾರ್ಮರ್‌ಗಳೆಲ್ಲ ಅದರದ್ದೇ. ಗಿಗ್ ಮಾಡೋರಿಗೆ ಇಂಥದ್ದೇ ಬೇಕು.

ನೋಡೋಕೆ ಹೋದಾಗ ನಿಮ್ಮದೇ ಗಿಟಾರ್ ತಗೊಂಡು ಹೋಗಿ, ಹದಿನೈದು ಇಪ್ಪತ್ತು ನಿಮಿಷ ಆನ್ ಮಾಡಿ ಬಿಡಿ, ಯಾಕಂದ್ರೆ ಬಿಸಿ ಆದ್ಮೇಲೆ ಬರೋ ತೊಂದರೆಗಳು ಮೊದಲ ಐದು ನಿಮಿಷದಲ್ಲಿ ಗೊತ್ತಾಗಲ್ಲ. ಹಿಂದಿನಿಂದ ಬಗ್ಗಿ ಪವರ್ ಟ್ಯೂಬ್ ನೋಡಿ, ಒಳಗಿನ ತಂತಿ ಕಿತ್ತಳೆ ಬಣ್ಣಕ್ಕೆ ಹೊಳೀಬೇಕು, ಸುತ್ತ ಇರೋ ಬೂದು ತಗಡೇ ಕೆಂಪಗಾಗ್ತಿದ್ರೆ ಕೂಡ್ಲೇ ಆಫ್ ಮಾಡಿಸಿ. ಪೆನ್ಸಿಲ್ ಹಿಂಬದಿಯಿಂದ ಚಿಕ್ಕ ಟ್ಯೂಬ್‌ಗಳನ್ನ ಮೆಲ್ಲಗೆ ತಟ್ಟಿ, ಸ್ಪೀಕರಲ್ಲಿ ಟಣ್ ಅಂತ ಜೋರಾಗಿ ಕೇಳ್ಸಿದ್ರೆ ಆ ಟ್ಯೂಬ್ ಬದಲಾಯಿಸ್ಬೇಕು, ಅದು ಸಣ್ಣ ಖರ್ಚು. ಗುಬ್ಬಿ ತಿರುಗಿಸುವಾಗ ಕರಕರ ಅಂದ್ರೆ ಕ್ಲೀನರ್ ಸ್ಪ್ರೇ ಸಾಕು. ಗಿಟಾರ್ ಹಾಕದೇನೇ ಜುಂಯ್ ಅಂತ ದಪ್ಪಗೆ ಹಮ್ ಇದ್ರೆ ಫಿಲ್ಟರ್ ಕೆಪಾಸಿಟರ್ (ಒಳಗಿನ ಕರೆಂಟಿನ ಏರಿಳಿತ ಸಮ ಮಾಡೋ ಭಾಗ) ಒಣಗಿರ್ಬಹುದು. ಸುಟ್ಟ ವಾಸನೆ ಬಂದ್ರೆ ಚೌಕಾಸಿಗೂ ಕೂರ್ಬೇಡಿ.

ಒಂದು ಮಾತ್ರ ದಯವಿಟ್ಟು ಕೇಳಿ, ಚಾಸಿ (ಸರ್ಕ್ಯೂಟ್ ಇರೋ ಲೋಹದ ಪೆಟ್ಟಿಗೆ) ಬಿಚ್ಚಿ ಒಳಗೆ ಕೈ ಹಾಕ್ಬೇಡಿ. ಒಳಗೆ 400 ವೋಲ್ಟ್‌ಗಿಂತ ಜಾಸ್ತಿ ಓಡಾಡ್ತಿರತ್ತೆ, ಪ್ಲಗ್ ಕಿತ್ತು ಎಷ್ಟೋ ಹೊತ್ತಾದ್ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರ್ಬಹುದು, ಅದು ಜೀವ ತೆಗಿಯೋವಷ್ಟು. 60ರ ದಶಕದ್ದು ತಗೊಳ್ಳೋದಾದ್ರೆ ಎರಡು ಕಡ್ಡಿ ಪ್ಲಗ್ ಇರೋ ಸಾಧ್ಯತೆ ಇದೆ, ಅರ್ಥಿಂಗ್ ಇಲ್ಲ ಅಂತ ಅರ್ಥ, ಅಂಥ ಆಂಪಿಗೆ ಗಿಟಾರ್ ಹಾಕ್ಕೊಂಡು ಸ್ಟೇಜಲ್ಲಿ ಮೈಕಿಗೆ ತುಟಿ ತಾಗಿಸಿದ್ರೆ ಶಾಕ್ ಹೊಡಿಬಹುದು. ಮೊದಲು ಮೂರು ಕಡ್ಡಿ ಕಾರ್ಡ್ ಹಾಕಿಸಿ, ಗ್ರೌಂಡ್ ಸ್ವಿಚ್ಚಿನ ಕೆಪಾಸಿಟರ್ ತೆಗೆಸಿ, ಆಮೇಲೆ ಉಳಿದಿದ್ದು. ಒರಿಜಿನಾಲಿಟಿ ಹೋಗತ್ತೆ ಅಂತ ಇದನ್ನ ಮಾಡಿಸದೇ ಇರೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ.

ಕೊಂಡ ದುಡ್ಡಿನ ಮೇಲೆ ಇನ್ನೊಂದು ಮುನ್ನೂರು ನಾಲ್ಕುನೂರು ಡಾಲರ್ ಸರ್ವೀಸಿಗೆ ಅಂತ ಎತ್ತಿಟ್ಕೊಂಡೇ ಹೋಗ್ಬೇಕು. ನಂದಕ್ಕೆ ಫಿಲ್ಟರ್ ಕೆಪಾಸಿಟರ್ ಅಷ್ಟೂ ಹೊಸದು, ಬಯಾಸ್ (ಪವರ್ ಟ್ಯೂಬ್ ಎಷ್ಟು ಕರೆಂಟ್ ಎಳೀಬೇಕು ಅನ್ನೋ ಸೆಟ್ಟಿಂಗ್) ಸರ್ಕ್ಯೂಟಿನ ಕೆಪಾಸಿಟರ್ ಹೊಸದು, ಹೊಸ 6ವಿ6 ಜೋಡಿ ಹಾಕಿ ಬಯಾಸ್ ಸೆಟ್ ಮಾಡಿಸ್ದೆ. ಈ ಆಂಪ್ 6ವಿ6ನ ಪುಸ್ತಕದಲ್ಲಿ ಬರೆದಿರೋ ಮಿತಿಗಿಂತ ಜಾಸ್ತಿ ವೋಲ್ಟೇಜಲ್ಲಿ ಓಡ್ಸತ್ತೆ, ಹಾಗಾಗಿ ಯಾವ್ದೋ ಅಗ್ಗದ ಟ್ಯೂಬ್ ಹಾಕಿದ್ರೆ ಬಾಳಿಕೆ ಬರಲ್ಲ. ಸ್ಲೊವಾಕಿಯಾದ ಜೆಜೆ ಕಂಪನಿ 6ವಿ6 ಗಟ್ಟಿ, ನಾನು ಅದನ್ನೇ ಹಾಕೋದು. 2022ರಲ್ಲಿ ರಷ್ಯಾದ ಸರಟೋವ್ ಫ್ಯಾಕ್ಟರಿ ಟ್ಯೂಬ್‌ಗಳು ಬರೋದು ನಿಂತೇಹೋಗತ್ತೇನೋ ಅಂತ ಎಲ್ರೂ ಮುಗಿಬಿದ್ದು ಕೊಂಡಾಗ ರೇಟ್ ಏರಿದ್ದು ಮತ್ತೆ ಹಳೇ ಮಟ್ಟಕ್ಕೆ ಇಳಿಲೇ ಇಲ್ಲ, ಹಾಗಾಗಿ ಸ್ಪೇರ್ ಜೋಡಿ ಯಾವಾಗ್ಲೂ ಮನೇಲಿರ್ಲಿ. ರೆಕ್ಟಿಫೈಯರ್ (ಎಸಿ ಕರೆಂಟನ್ನ ಡಿಸಿ ಮಾಡೋ ಟ್ಯೂಬ್) ವಿಷ್ಯದಲ್ಲಿ, ನನ್ನ ಆಂಪಿನ ಟ್ಯೂಬ್ ಚಾರ್ಟಲ್ಲಿ 5ಯು4ಜಿಬಿ ಅಂತಿದೆ, ಬ್ಲ್ಯಾಕ್‌ಫೇಸಲ್ಲಿ ಜಿಝಡ್34 ಇರ್ತಿತ್ತು, ಜಿಝಡ್ ಹಾಕಿದ್ರೆ ಇನ್ನೂ ಚುರುಕಾಗತ್ತೆ ಅಂತ ಹೇಳ್ತಾರೆ, ಆದ್ರೆ ವೋಲ್ಟೇಜ್ ಏರತ್ತೆ, ಪಾಪ 6ವಿ6ಗಳ ಮೇಲೆ ಇನ್ನೂ ಭಾರ. ಚಾರ್ಟಲ್ಲಿ ಇರೋದನ್ನೇ ಹಾಕಿ.

ಸೌಂಡ್ ಬಗ್ಗೆ ಬರೀತಾ ಹೋದ್ರೆ ಮುಗಿಯಲ್ಲ. ಎರಡು ಚಾನೆಲ್ ಇದೆ, ರಿವರ್ಬ್, ಟ್ರೆಮೊಲೊ ಎರಡೂ ಬರೋದು ವೈಬ್ರಾಟೋ ಚಾನೆಲಲ್ಲಿ ಮಾತ್ರ. ಆ ಚಾನೆಲಲ್ಲಿ ತೀಕ್ಷ್ಣ ಸ್ವರ ಎತ್ತಿ ಕೊಡೋ ಒಂದು ಸಣ್ಣ ಬ್ರೈಟ್ ಕೆಪಾಸಿಟರ್ ಖಾಯಂ ಆಗಿ ಕೂತಿದೆ, ಹಾಗಾಗಿ ಕಮ್ಮಿ ವಾಲ್ಯೂಮಲ್ಲಿ ಟೆಲಿಕಾಸ್ಟರ್ ಗಿಟಾರ್ ಹಾಕಿದ್ರೆ ಕಿವಿಗೆ ಚುಚ್ಚತ್ತೆ, ವಾಲ್ಯೂಮ್ ಏರಿಸ್ತಾ ಹೋದಂಗೆ ಆ ಚುಚ್ಚೋದು ಕರಗಿಹೋಗತ್ತೆ, ಅಂದ್ರೆ ಈ ಆಂಪ್ ಮಾಡಿರೋದೇ ಸ್ಟೇಜಿಗೆ, ಬೆಡ್‌ರೂಮಿಗಲ್ಲ. ಮಿಡ್ (ನಡುವಿನ ಸ್ವರಗಳ) ಗುಬ್ಬಿ ಇಲ್ಲ, ಬ್ಯಾಂಡ್ ಜೊತೆ ಸೋಲೋ ಮುಳುಗಿಹೋಗತ್ತೆ ಅನ್ನಿಸಿದ್ರೆ ಟ್ಯೂಬ್ ಸ್ಕ್ರೀಮರ್ ಥರದ ಪೆಡಲ್ ಹಾಕಿ, ಅದು ಮಿಡ್ ತುಂಬತ್ತೆ, ಎರಡಕ್ಕೂ ಹೇಳಿ ಮಾಡಿಸಿದ ಜೋಡಿ. ವಾಲ್ಯೂಮ್ 5ರಲ್ಲಿಟ್ಟು ಮೆಲ್ಲಗೆ ಮೀಟಿದ್ರೆ ಕ್ಲೀನ್, ಜೋರಾಗಿ ಮೀಟಿದ್ರೆ ಒಡೆಯತ್ತೆ, ನಡುವೆ ನಿಮ್ಮ ಬೆರಳು ಹೇಳಿದಷ್ಟೂ ಅದು ಹೇಳತ್ತೆ. ಈ ಒಂದು ಗುಣಕ್ಕೇ ನಾನು ಇದನ್ನ ಹೊರೋದು. ಕನ್ನಡ ಕೂಟದಲ್ಲಿ 70ರ ದಶಕದ ಸಿನಿಮಾ ಹಾಡು ಬಾರಿಸುವಾಗ ರಿವರ್ಬ್ 3ಕ್ಕಿಟ್ಟು ಟ್ರೆಮೊಲೊ ನಿಧಾನಕ್ಕೆ ಬಿಟ್ರೆ, ಮುಂದಿನ ಸಾಲಲ್ಲಿ ಕೂತಿರೋ ಹಿರಿಯರ ಮುಖ ನೋಡ್ಬೇಕು ನೀವು.

ಸ್ಪೀಕರ್ ಬದಲಾಗಿತ್ತು ಅಂದ್ನಲ್ಲ, ಅದು ಲಾಭಾನೇ ಆಯ್ತು. ಹಳೇ ಆಕ್ಸ್‌ಫರ್ಡ್ ಅಷ್ಟು ಜೋರಿನದ್ದಲ್ಲ, ಇದರಲ್ಲಿರೋದು ಎಮಿನೆನ್ಸ್ ಕಂಪನಿದು, ಸೆನ್ಸಿಟಿವಿಟಿ ಜಾಸ್ತಿ, ಅಂದ್ರೆ ಅಷ್ಟೇ ವ್ಯಾಟಿಗೆ ಹೆಚ್ಚು ಜೋರು. ಸ್ಪೀಕರ್ ಸೆನ್ಸಿಟಿವಿಟಿ 3 ಡೆಸಿಬೆಲ್ ಜಾಸ್ತಿ ಆದ್ರೆ ವ್ಯಾಟ್ ಎರಡು ಪಟ್ಟು ಮಾಡಿದಷ್ಟೇ ಸಮ, ಇದನ್ನ ಬಹಳ ಜನ ಯೋಚ್ನೆನೇ ಮಾಡಲ್ಲ, ದೊಡ್ಡ ಆಂಪಿಗೆ ಹೋಗೋ ಬದ್ಲು ಸ್ಪೀಕರ್ ಬದಲಾಯಿಸಿ ನೋಡಿ. ಮತ್ತೆ ಸ್ಟೇಜಲ್ಲಿ ನೆಲದ ಮೇಲಿಡ್ಬೇಡಿ, ಒಂದು ಕುರ್ಚಿ ಮೇಲಿಡಿ, ನೆಲದಲ್ಲಿದ್ರೆ ಸೌಂಡೆಲ್ಲ ನಿಮ್ಮ ಮೊಣಕಾಲಿಗೆ ಹೊಡಿಯತ್ತೆ, ನಿಮಗೆ ಕೇಳ್ಸಲ್ಲ ಅಂತ ಏರಿಸ್ತೀರಿ, ಮುಂದೆ ಕೂತೋರ ಕಿವಿ ಹೋಗತ್ತೆ.

ಇಷ್ಟು ವರ್ಷದಲ್ಲಿ ಕೈ ಕೊಟ್ಟಿಲ್ವಾ ಅಂದ್ರೆ, ಕೊಟ್ಟಿದೆ. ಒಂದು ಶೋ ಮಧ್ಯೆ ಒಂದು 6ವಿ6 ಹೋಗಿ ಫ್ಯೂಸ್ ಹಾರಿತು. ಬ್ಯಾಗಲ್ಲಿ 2 ಆಂಪಿಯರ್ ಸ್ಲೋ ಬ್ಲೋ ಫ್ಯೂಸು, ಒಂದು ಜೋಡಿ 6ವಿ6, ಒಂದು 12ಎಎಕ್ಸ್7 (ಚಿಕ್ಕ ಟ್ಯೂಬ್) ಯಾವಾಗ್ಲೂ ಇರತ್ತೆ, ಬ್ರೇಕಲ್ಲಿ ಬಟ್ಟೆಯಲ್ಲಿ ಹಿಡಿದು ಬಿಸಿ ಟ್ಯೂಬ್ ಕಿತ್ತು ಹೊಸ ಜೋಡಿ ಹಾಕಿದ್ದಾಯ್ತು, ಎರಡನೇ ಸೆಟ್ ಅದರಲ್ಲೇ ಮುಗಿಸ್ದೆ, ಬಯಾಸ್ ಆಮೇಲೆ ಟೆಕ್ನಿಷಿಯನ್ ಹತ್ರ ನೋಡಿಸ್ದೆ. ಐವತ್ತು ವರ್ಷದ ಹಳೇ ಯಂತ್ರ ಹಾಗೆ ಅಲ್ಲೇ ಎದ್ದು ನಿಲ್ಲತ್ತಲ್ಲ, ಇದೇ ಅದರ ದೊಡ್ಡತನ ಅಂತೀನಿ ನಾನು. ಫೆಂಡರ್‌ದೇ ಟೋನ್ ಮಾಸ್ಟರ್ ಡೀಲಕ್ಸ್ ಇದೆ, 2019ರಲ್ಲಿ ಬಂದಿದ್ದು, ಡಿಜಿಟಲ್, ತೂಕ 10 ಕೆಜಿ ಚಿಲ್ಲರೆ, ಸೌಂಡ್ ನಿಜವಾಗ್ಲೂ ಚೆನ್ನಾಗಿದೆ, ಬೆನ್ನು ನೋವಿರೋರು ಕಣ್ಮುಚ್ಚಿ ಅದನ್ನೇ ತಗೊಳ್ಳಿ. ಆದ್ರೆ ಅದರ ಬೋರ್ಡ್ ಹೋದ್ರೆ ಬ್ರೇಕಲ್ಲಿ ಸರಿ ಮಾಡೋಕಾಗಲ್ಲ.

ಶಿಕಾಗೋ ಚಳಿಗಾಲ ಇದಕ್ಕೆ ಶತ್ರು. ಕಾರಲ್ಲಿ ರಾತ್ರಿ ಬಿಡ್ಬೇಡಿ, ಹೊರಗಿನ ಕೊರೆಯೋ ಚಳಿಯಿಂದ ಬೆಚ್ಚಗಿನ ಬಾರ್ ಒಳಗೆ ತಂದ ಕೂಡ್ಲೇ ಆನ್ ಮಾಡ್ಬೇಡಿ, ಒಳಗೆಲ್ಲ ಪಸೆ ಕೂತಿರತ್ತೆ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಆಮೇಲೆ ಪವರ್, ಸ್ವಲ್ಪ ಹೊತ್ತು ಬಿಟ್ಟು ಸ್ಟ್ಯಾಂಡ್‌ಬೈ ತೆಗೀರಿ. ಇನ್ನೊಂದು, ಆ ಕಾಲದ ಆಂಪ್‌ಗಳನ್ನ 117 ವೋಲ್ಟ್ ಲೆಕ್ಕದಲ್ಲಿ ಮಾಡಿರೋದು, ಇವತ್ತು ಗೋಡೆಯಲ್ಲಿ 120, ಕೆಲವು ಕಡೆ 123-124 ಬರತ್ತೆ, ಟ್ಯೂಬ್ ಬೇಗ ಸವೆಯೋಕೆ ಇದೂ ಒಂದು ಕಾರಣ.

ಬೆಂಗಳೂರಿಗೆ ತಗೊಂಡು ಹೋಗ್ಬಹುದಾ ಅಂತ ಊರಲ್ಲಿರೋ ಗೆಳೆಯರು ಕೇಳ್ತಿರ್ತಾರೆ. ಹೋಗ್ಬಹುದು, ಆದ್ರೆ ಅಮೆರಿಕದ ಮಾಡೆಲನ್ನ 230 ವೋಲ್ಟಿಗೆ ನೇರ ಹಾಕಿದ್ರೆ ಆವತ್ತೇ ಮುಗೀತು, ಒಳ್ಳೇ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರಲ್ಲಿ ಅರ್ಥಿಂಗ್ ಸರಿಯಾಗಿರ್ಬೇಕು. ನಮ್ಮಲ್ಲಿ 50 ಹರ್ಟ್ಜ್ ಆಗಿರೋದ್ರಿಂದ 60 ಹರ್ಟ್ಜ್‌ಗೆ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿ ಆಗತ್ತೆ, ಹಿಂದೆ ಫ್ಯಾನ್ ಗಾಳಿ ಬರೋ ಹಾಗೆ ಇಟ್ಕೊಳ್ಳಿ. ಎಕ್ಸ್‌ಪೋರ್ಟ್ ಮಾಡೆಲ್‌ಗಳಲ್ಲಿ ಹಿಂಬದಿ ವೋಲ್ಟೇಜ್ ಸೆಲೆಕ್ಟರ್ ಇರತ್ತೆ, ಯುರೋಪ್ ಕಡೆ ಸಿಗತ್ತೆ, ಇಂಡಿಯಾದಲ್ಲಿ ಇರೋರು ಅದನ್ನೇ ಹುಡುಕೋದು ಒಳ್ಳೇದು. ಪ್ಯಾಕ್ ಮಾಡೋವಾಗ ಟ್ಯೂಬ್ ಎಲ್ಲಾ ಬಿಚ್ಚಿ, ಯಾವ್ದು ಯಾವ ಸಾಕೆಟ್‌ದು ಅಂತ ಬರೆದು, ಬೇರೆ ಡಬ್ಬಿಗೆ ಹಾಕಿ ಕೈ ಲಗೇಜಲ್ಲಿ ಇಟ್ಕೊಳ್ಳಿ.