ಕಿಮ್ ಕಾಲಿನ್ಸ್ ಅವರ ಓಟವೇ ಪಠ್ಯವಾದ ಹಾಸನದ ಬೇಸಿಗೆ ಶಿಬಿರ

ಹಾಸನದ ಸಾಲಗಾಮೆ ರಸ್ತೆಯ ಕಡೆಗಿರುವ ಒಂದು ಮೈದಾನದಲ್ಲಿ ಈ ಬೇಸಿಗೆಯಲ್ಲಿ ಮೂರು ವಾರ ನಡೆದ ಓಟದ ತರಬೇತಿ ಶಿಬಿರಕ್ಕೆ ಹದಿಮೂರು ವರ್ಷದ ನನ್ನ ಮಗಳನ್ನು ಸೇರಿಸಿದ್ದೆ. ಶುಲ್ಕ 2,500 ರೂಪಾಯಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಭ್ಯಾಸ, ಶನಿವಾರ ಸಂಜೆ ಹಳೆಯ ಓಟಗಳನ್ನು ಪರದೆಯ ಮೇಲೆ ನೋಡಿ ಚರ್ಚಿಸುವ ಒಂದು ತರಗತಿ. ಮುಂದಿನ ವರ್ಷ ಮಕ್ಕಳನ್ನು ಸೇರಿಸಬೇಕೆಂದಿರುವ ಪೋಷಕರಿಗಾಗಿ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಶನಿವಾರದ ತರಗತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಶಿಬಿರದ ನಿಜವಾದ ಹೆಚ್ಚುಗಾರಿಕೆ ಇದ್ದದ್ದು ಅಲ್ಲಿಯೇ.

ಕೆರಿಬಿಯನ್ ಓಟಗಾರರೆಂದರೆ ಸಾಮಾನ್ಯವಾಗಿ ಉಸೇನ್ ಬೋಲ್ಟ್ ಅವರ ಚಿತ್ರವನ್ನು ಗೋಡೆಗೆ ಅಂಟಿಸುತ್ತಾರೆ. ಇಲ್ಲಿಯ ತರಬೇತುದಾರರು ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶದ ಕಿಮ್ ಕಾಲಿನ್ಸ್ ಅವರನ್ನು ಆರಿಸಿಕೊಂಡಿದ್ದರು. ಮೊದಲ ದಿನವೇ ಅವರು ಕಪ್ಪುಹಲಗೆಯ ಮೇಲೆ ಹಾಸನ ಜಿಲ್ಲೆಯ 6,814 ಚದರ ಕಿಲೋಮೀಟರ್ ವಿಸ್ತೀರ್ಣದ ಪಕ್ಕದಲ್ಲಿ ಆ ಎರಡು ದ್ವೀಪಗಳ ಒಟ್ಟು 261 ಚದರ ಕಿಲೋಮೀಟರ್ ಎಂದು ಬರೆದು, ಅಲ್ಲಿಯ ಜನಸಂಖ್ಯೆ ಸುಮಾರು 50,000, ಅಂದರೆ ನಮ್ಮ ಹಾಸನ ನಗರದ ಅರ್ಧಕ್ಕಿಂತಲೂ ಕಡಿಮೆ ಎಂದು ವಿವರಿಸಿದರು. 1983ರಲ್ಲಿ ಸ್ವತಂತ್ರವಾದ ಆ ದೇಶ ಒಲಿಂಪಿಕ್ಸ್‌ಗೆ ಮೊದಲ ಬಾರಿ ಹೋದದ್ದು 1996ರಲ್ಲಿ. ಆ ತಂಡದಲ್ಲಿ ಇಪ್ಪತ್ತು ವರ್ಷದ ಕಾಲಿನ್ಸ್ ಇದ್ದರು. ಆಲೂರಿನಿಂದ, ಅರಕಲಗೂಡಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ ಮಕ್ಕಳು ಈ ಲೆಕ್ಕವನ್ನು ಕಣ್ಣರಳಿಸಿ ಕೇಳಿದ್ದನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ.

ಎರಡನೆಯ ಶನಿವಾರವನ್ನು 2003ರ ಆಗಸ್ಟ್ 25ರಂದು ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ಗೆ ಪೂರ್ತಿಯಾಗಿ ಮೀಸಲಿಟ್ಟಿದ್ದರು. ಹಿಂದಿನ ಸುತ್ತಿನಲ್ಲಿ ಮುಂದಿದ್ದವರಿಗೆ ನಡುವಿನ ಲೇನ್‌ಗಳು ಸಿಗುವುದರಿಂದ ಅಂಚಿನ ಒಂದನೇ ಲೇನ್‌ನಲ್ಲಿ ನಿಂತವರ ಕಡೆಗೆ ಪ್ರೇಕ್ಷಕರ ಕಣ್ಣು ಹೋಗುವುದು ಕಡಿಮೆ. ಕಾಲಿನ್ಸ್ ಓಡಿದ್ದು ಅದೇ ಲೇನ್‌ನಲ್ಲಿ, ಗೆದ್ದದ್ದು 10.07 ಸೆಕೆಂಡಿನಲ್ಲಿ. ಅವರ ಹಿಂದೆ ಬಂದ ಮೂವರ ಸಮಯವೂ 10.08, ಆ ಮೂವರಲ್ಲಿ ನಾಲ್ಕನೆಯ ಸ್ಥಾನದಲ್ಲಿದ್ದ ಡ್ವೈನ್ ಚೇಂಬರ್ಸ್ ಅವರ ಫಲಿತಾಂಶ ಉದ್ದೀಪನ ಮದ್ದಿನ ಕಾರಣಕ್ಕೆ ಆಮೇಲೆ ರದ್ದಾಯಿತು. ಗೆರೆ ಮುಟ್ಟಿದ ಲೆಕ್ಕ ಹಿಡಿಯುವುದು ತಲೆಯಿಂದಲೂ ಅಲ್ಲ, ಕೈಕಾಲುಗಳಿಂದಲೂ ಅಲ್ಲ, ಮುಂಡದ ಭಾಗದಿಂದ ಎಂಬುದನ್ನು ಇದೇ ಓಟವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿ ಕಲಿಸಿದ ರೀತಿ ಬಹಳ ಚೆನ್ನಾಗಿತ್ತು. ನಮ್ಮ ಮಣ್ಣಿನ ಮೈದಾನಗಳಲ್ಲಿ ದೂರದ ಓಟಗಾರರೆಲ್ಲ ಒಳಗೆರೆ ಹಿಡಿದೇ ಓಡುವುದರಿಂದ ಒಂದನೇ ಲೇನ್ ಸವೆದು ತಗ್ಗಾಗಿರುತ್ತದೆ, ಮಕ್ಕಳು ಅದು ಬೇಡವೆಂದು ಜಗಳವಾಡುತ್ತಾರೆ. ಆ ಶನಿವಾರದ ನಂತರ ನನ್ನ ಮಗಳು ತಾನಾಗಿಯೇ ಒಂದನೇ ಲೇನ್ ಕೇಳಿ ನಿಂತಳು.

ಅಭ್ಯಾಸದ ಕ್ರಮವೂ ಇದಕ್ಕೆ ಹೊಂದಿಕೊಂಡಿತ್ತು. ಕಾಲಿನ್ಸ್ ದಪ್ಪ ತೋಳುಗಳ ಓಟಗಾರರಲ್ಲ, ತೆಳ್ಳನೆಯ ಮೈಯವರು. ಹಾಗಾಗಿ ಮಕ್ಕಳಿಗೆ ಭಾರ ಎತ್ತಿಸದೆ ಹಗ್ಗದಾಟ, ಮಂಡಿ ಎತ್ತಿ ಓಡುವುದು, ಮೂವತ್ತು ಮೀಟರಿನ ಪುಟ್ಟ ಓಟಗಳು, ಇಷ್ಟನ್ನೇ ಮಾಡಿಸಿದರು. ಮಳೆಯಿಂದ ಎರಡು ದಿನ ಹಾಳಾದವು, ಅದಕ್ಕೆ ಬದಲಿ ದಿನ ಕೊಡಲಿಲ್ಲ. ಮಣ್ಣಿನ ನೆಲಕ್ಕೆ ಸ್ಪೈಕ್ಸ್‌ನ ಮೊಳೆ ಉದ್ದವಿರಬೇಕೆಂದು ತಿಳಿಸಿದ್ದು, ನಾವೆಲ್ಲ ಸಿಂಥೆಟಿಕ್ ಟ್ರ್ಯಾಕ್‌ನ ಗಿಡ್ಡ ಮೊಳೆಯ ಜೋಡು ಕೊಂಡಾದ ಮೇಲೆ.

ನನ್ನ ದೊಡ್ಡ ಅಸಮಾಧಾನವೆಂದರೆ ಮೂರನೆಯ ಶನಿವಾರದ್ದು. ಪ್ಯಾರಿಸ್ ನಂತರದ ಹದಿಮೂರು ವರ್ಷಗಳನ್ನು ಹದಿನೈದು ನಿಮಿಷಗಳಲ್ಲಿ ಮುಗಿಸಿಬಿಟ್ಟರು. ಕಾಲಿನ್ಸ್ ಅವರನ್ನು ಉಳಿದ ಚಾಂಪಿಯನ್ನರಿಂದ ಬೇರೆ ಮಾಡುವುದೇ ಆ ವರ್ಷಗಳು. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಬೋಲ್ಟ್ ಫಾಲ್ಸ್ ಸ್ಟಾರ್ಟ್ ಮಾಡಿ ಹೊರಬಿದ್ದ ಫೈನಲ್‌ನಲ್ಲಿ ಮೂವತ್ತೈದು ವರ್ಷದ ಕಾಲಿನ್ಸ್ 10.09ರಲ್ಲಿ ಕಂಚು ಗೆದ್ದರು. ಅದೇ ಕೂಟದ 4x100 ರಿಲೇಯಲ್ಲಿ ಅಮೆರಿಕದ ಡಾರ್ವಿಸ್ ಪ್ಯಾಟನ್ ಮುಗ್ಗರಿಸಿ ಬಿದ್ದು, ಅಮೆರಿಕ, ಬ್ರಿಟನ್ ತಂಡಗಳೆರಡೂ ಓಟ ಮುಗಿಸಲಾಗದೆ ಹೋದಾಗ, ಜೇಸನ್ ರೋಜರ್ಸ್, ಕಾಲಿನ್ಸ್, ಆಂಟ್ವಾನ್ ಆಡಮ್ಸ್ ಮತ್ತು ಬ್ರಿಜೇಶ್ ಲಾರೆನ್ಸ್ ಬ್ಯಾಟನ್ನನ್ನು ಜೋಪಾನವಾಗಿ ದಾಟಿಸಿ 38.49 ಸೆಕೆಂಡಿನಲ್ಲಿ ಆ ಪುಟ್ಟ ದೇಶಕ್ಕೆ ಕಂಚು ತಂದರು. ಪ್ಯಾರಿಸ್‌ನಲ್ಲಿ ಕಾಲಿನ್ಸ್ ಜೊತೆ ಪದಕವೇದಿಕೆ ಹತ್ತಿದ್ದವರು ಇದೇ ಪ್ಯಾಟನ್. ಇಷ್ಟು ಒಳ್ಳೆಯ ಪಾಠ ಕೈಯಲ್ಲಿದ್ದರೂ ಶಿಬಿರದಲ್ಲಿ ಒಂದು ದಿನವೂ ಬ್ಯಾಟನ್ ಬದಲಾವಣೆ ಕಲಿಸಲಿಲ್ಲ.

ಕಹಿಯಾದ ಸಂಗತಿಗಳನ್ನು ಪೂರ್ತಿ ಬಿಟ್ಟದ್ದೂ ಸರಿಯಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೇಶದ ಧ್ವಜ ಹಿಡಿದು ನಡೆದ ಕಾಲಿನ್ಸ್ ಅವರು ತಂಡದ ಆಡಳಿತದೊಂದಿಗಿನ ವಿವಾದದಿಂದಾಗಿ ಓಡದೆಯೇ ಮರಳಿದರು. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದ ಚಿನ್ನದ ಬೆನ್ನಿಗೆ ಆಸ್ತಮಾ ಔಷಧಿ ಸಾಲ್ಬುಟಮಾಲ್ ಪರೀಕ್ಷೆಯಲ್ಲಿ ಸಿಕ್ಕಿ, ಮುಂಚಿತವಾಗಿ ತಿಳಿಸದಿದ್ದುದಕ್ಕೆ ವಿಚಾರಣೆ ನಡೆದು, ಪದಕ ಅವರಲ್ಲೇ ಉಳಿಯಿತು. ನಮ್ಮ ಶಿಬಿರದಲ್ಲಿ ಇನ್‌ಹೇಲರ್ ಅನ್ನು ಚೀಲದ ತಳದಲ್ಲಿ ಮುಚ್ಚಿಟ್ಟುಕೊಂಡು ಬರುತ್ತಿದ್ದ ಹುಡುಗನೊಬ್ಬನಿದ್ದ. ಈ ಸಂಗತಿಯನ್ನು ಅವನ ಮುಂದೆ ಹೇಳಲೇಬೇಕಿತ್ತು.

ಸಮಯದ ವಿಚಾರ ಕೇಳುವ ಪೋಷಕರಿಗೆ ಹೇಳುವುದಾದರೆ, ಕೈಗಡಿಯಾರದ ಲೆಕ್ಕದಲ್ಲಿ ನನ್ನ ಮಗಳ 100 ಮೀಟರ್ 16.1ರಿಂದ 15.8ಕ್ಕೆ ಇಳಿದಿದೆ. ಮೂರು ವಾರಕ್ಕೆ ಇದು ಸಾಕು. ಮ್ಯಾಂಚೆಸ್ಟರ್‌ನಲ್ಲಿ 9.98 ಓಡಿದ ಕಾಲಿನ್ಸ್ ತಮ್ಮ ಅತ್ಯುತ್ತಮ ಸಮಯವಾದ 9.93ನ್ನು ಮುಟ್ಟಿದ್ದು 2016ರ ಮೇ 29ರಂದು ಜರ್ಮನಿಯ ಬಾಟ್ರಪ್‌ನಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ನಂತರ, ನಲವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಹತ್ತು ಸೆಕೆಂಡಿನೊಳಗೆ ಓಡಿದ ಮೊದಲಿಗರು ಅವರೇ. ಒಲಿಂಪಿಕ್ ಪದಕ ಅವರಿಗೆ ಕೊನೆಗೂ ದಕ್ಕಲಿಲ್ಲ ಎಂಬುದನ್ನು ತರಬೇತುದಾರರು ಮಕ್ಕಳಿಗೆ ಮುಚ್ಚಿಡದೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಮುಂದಿನ ಬೇಸಿಗೆಗೂ ಮಗಳನ್ನು ಇಲ್ಲಿಗೇ ಕಳುಹಿಸುತ್ತೇನೆ. ಡೇಗುವಿನ ರಿಲೇಗೆ ಒಂದು ಪೂರ್ತಿ ಶನಿವಾರ ಕೊಡಬೇಕೆಂದು ಕೊನೆಯ ದಿನ ತರಬೇತುದಾರರನ್ನು ಕೇಳಿಕೊಂಡಾಗ ಅವರು ಒಪ್ಪಿದರು. ಸದ್ಯಕ್ಕೆ ಶಿಬಿರದಲ್ಲಿ ಇರುವುದು ಒಂದೇ ಬ್ಯಾಟನ್ ಎಂದೂ ಹೇಳಿದರು.