ಕುಂಡದ ಪಾಯಿನ್‌ಸೆಟಿಯಾ, ನೆಲದ ಪಾಯಿನ್‌ಸೆಟಿಯಾ

ಕ್ರಿಸ್‌ಮಸ್ ಹೊತ್ತಿಗೆ ತುದಿಯ ಎಲೆಗಳು ಕೆಂಪಾಗುವ ಗಿಡ ಪಾಯಿನ್‌ಸೆಟಿಯಾ. ನರ್ಸರಿಯ ಕುಂಡದಲ್ಲಿ ಸಿಗುವ ಗಿಡ್ಡ ಪಾಯಿನ್‌ಸೆಟಿಯಾ, ಹಳೆಯ ಮನೆಗಳ ಬೇಲಿಯಂಚಿನಲ್ಲಿ ಆಳೆತ್ತರ ಬೆಳೆಯುವ ಪಾಯಿನ್‌ಸೆಟಿಯಾ, ಎರಡನ್ನೂ ಶಿರಸಿಯ ನಮ್ಮ ಮನೆಯಲ್ಲಿ ಬೆಳೆಸಿದ್ದೇನೆ. ಇಲ್ಲಿನ ಮಳೆಗೆ ನೆಲದ ಗಿಡವೇ ಸರಿ.

ಮೊದಲ ವರ್ಷದ ಚೆಲುವಿನಲ್ಲಿ ಮಾತ್ರ ಕುಂಡದ್ದೇ ಮುಂದೆ. ಗೇಣುದ್ದದ ಗಿಡದ ತುಂಬ ಕವಲು, ಪ್ರತಿ ಕವಲಿನ ತುದಿಗೂ ಕೆಂಪು. ಹೀಗೆ ಕವಲೊಡೆಯುವ ಗುಣ ಬರುವುದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಸೋಂಕಿನಿಂದ. ಅದನ್ನು ಕಸಿಯ ಮೂಲಕ ಬೇಕೆಂದೇ ದಾಟಿಸುತ್ತಾರೆ. ಗಿಡ ಎತ್ತರವಾಗದಂತೆ ಔಷಧಿಯನ್ನೂ ಹೊಡೆದಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಗಿಡ ಉದ್ದಕ್ಕೆ ಎಳೆಯುತ್ತದೆ. ಕೆನೆಬಿಳಿ, ಗುಲಾಬಿ ಬಣ್ಣ ಬೇಕಿದ್ದರೆ ನರ್ಸರಿಗೇ ಹೋಗಬೇಕು. ಆದರೆ ಆಷಾಢದ ಮಳೆಯಲ್ಲಿ ಕುಂಡದ ಬೇರು ಕೊಳೆಯುತ್ತದೆ, ಸೂರಿನಡಿಗೆ ಸರಿಸಿದರೆ ಎಲೆಯಡಿಯಲ್ಲಿ ಬಿಳಿನೊಣ ಕೂರುತ್ತದೆ. ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ಹಾಕಿ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಟ್ಟರೆ ಉಳಿದೀತು.

ನೆಲದ ಗಿಡಕ್ಕೆ ಇಷ್ಟು ಉಪಚಾರ ಬೇಡ. ಬಣ್ಣ ಉದುರಿದ ಮೇಲೆ, ಮಾರ್ಚ್ ಹೊತ್ತಿಗೆ ಗಿಡವನ್ನು ಸವರಿ, ಕಡಿದ ಗೆಲ್ಲಿನ ಹಾಲು ಒಣಗಲು ಬಿಟ್ಟು, ನೀರು ಇಳಿದು ಹೋಗುವ ಜಾಗದಲ್ಲಿ ಊರಿದರಾಯಿತು. ಕಳ್ಳಿಯ ಕುಟುಂಬದ ಗಿಡವಾದ್ದರಿಂದ ಹಾಲು ತಾಗಿದರೆ ಕೆಲವರಿಗೆ ತುರಿಕೆ. ಆಗಸ್ಟ್‌ವರೆಗೆ ಕುಡಿ ಚಿವುಟಬಹುದು, ಆಮೇಲೆ ಮುಟ್ಟಬಾರದು.

ಕೆಂಪಾಗುವುದು ಎಲೆ. ನಿಜವಾದ ಹೂವು ನಡುವಿನ ಹಳದಿ ಗುಂಡಿಗಳಲ್ಲಿದೆ. ರಾತ್ರಿ ಉದ್ದವಾದಾಗ ಬಣ್ಣ ಏರುತ್ತದೆ. ಬೀದಿದೀಪದ ಬೆಳಕು ಬೀಳುವ ಕಡೆ ಹಸಿರಾಗಿಯೇ ಉಳಿಯುತ್ತದೆ, ಕುಂಡದ್ದಾದರೂ ನೆಲದ್ದಾದರೂ. ಬೇರೆ ದೇಶಗಳಲ್ಲಿ ಮನೆಯೊಳಗೆ ಬೆಳೆಸುವವರು ಸಂಜೆಯಾದೊಡನೆ ಗಿಡಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚುತ್ತಾರೆ. ನಮಗೆ ಆ ಕಷ್ಟವಿಲ್ಲ. ಇದರ ತವರು ಮೆಕ್ಸಿಕೋದ ಟ್ಯಾಕ್ಸ್ಕೋ ಸುತ್ತಲಿನ ಬೆಟ್ಟಗಳು ಸುಮಾರು 18 ಡಿಗ್ರಿ ಅಕ್ಷಾಂಶದಲ್ಲಿವೆ, ಶಿರಸಿ 14ರ ಆಚೆ. ಇರುಳಿನ ಲೆಕ್ಕ ಹೆಚ್ಚು ಕಡಿಮೆ ಒಂದೇ. ಅಲ್ಲಿ ಅಜ್ಟೆಕ್ ಜನ ಈ ಎಲೆಗಳಿಂದ ಬಣ್ಣ ತೆಗೆಯುತ್ತಿದ್ದರು. ಅಮೆರಿಕದ ರಾಯಭಾರಿ ಜೋಯೆಲ್ ಪಾಯಿನ್‌ಸೆಟ್ 1820ರ ದಶಕದಲ್ಲಿ ಗಿಡವನ್ನು ತನ್ನ ದೇಶಕ್ಕೆ ಕಳಿಸಿದ.

ಕಾರವಾರದಲ್ಲಿರುವ ತಂಗಿಗೆ ನಮ್ಮದೇ ಗೆಲ್ಲು ಕೊಟ್ಟಿದ್ದೆ. ಗಿಡ ಹುಲುಸಾಗಿದೆ, ಆದರೆ ಕೆಂಪು ತಡ, ನಮ್ಮಲ್ಲಿಯಷ್ಟು ಗಾಢವೂ ಅಲ್ಲ. ಕರಾವಳಿಯ ಬೆಚ್ಚನೆಯ ರಾತ್ರಿ ಈ ಗಿಡವನ್ನು ತಡೆಯುತ್ತದೆ. ಕ್ರಿಸ್‌ಮಸ್‌ಗೆ ಸರಿಯಾಗಿ ಬಣ್ಣ ಬೇಕೆಂದರೆ ಅವಳು ಡಿಸೆಂಬರಿನಲ್ಲಿ ಕೆಂಪೇರಿದ ಕುಂಡವನ್ನೇ ಕೊಳ್ಳುವುದು ಒಳ್ಳೆಯದು.