ಗೂಗಲ್ ಕಾಂಟ್ಯಾಕ್ಟ್ಸ್ ಲೇಬಲ್: ಸಂಘದ ಕಾರ್ಯದರ್ಶಿಯ ಕಣ್ಣಲ್ಲಿ

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಹಲವು ವರ್ಷಗಳಿಂದ ಗೂಗಲ್ ಕಾಂಟ್ಯಾಕ್ಟ್ಸ್‌ನ ಲೇಬಲ್ ಸೌಲಭ್ಯವನ್ನು ಬಳಸುತ್ತಿದ್ದೇನೆ. ಗೂಗಲ್‌ನ ಈ ವಿಳಾಸ ಪುಸ್ತಕದಲ್ಲಿ ಒಂದು ಗುಂಪಿನ ಜನರಿಗೆಲ್ಲ ಅಂಟಿಸುವ ಹೆಸರೇ ಲೇಬಲ್; ಅದರಿಂದ ಇಡೀ ಗುಂಪಿಗೆ ಒಟ್ಟಿಗೆ ಇಮೇಲ್ ಕಳುಹಿಸಬಹುದು. ಮಹಾಸಭೆಯ ತಿಳುವಳಿಕೆ ಪತ್ರ, ವರ್ಷದ ಲೆಕ್ಕಪತ್ರ, ಟ್ಯಾಂಕ್ ತೊಳೆಯುವ ದಿನದ ಸೂಚನೆ ಎಲ್ಲವೂ ಹೋಗುವುದು ಇದರ ಮೂಲಕವೇ. ವಾಟ್ಸ್ಆ್ಯಪ್ ಗುಂಪೂ ಇದೆ. ಆದರೆ ಅಲ್ಲಿನ ಶುಭೋದಯಗಳ ನಡುವೆ ಲೆಕ್ಕಪತ್ರ ಹುಡುಕುವ ತಾಳ್ಮೆ ಯಾರಿಗಿದೆ?

ಪಟ್ಟಿ ಕಟ್ಟುವುದು ಸುಲಭ. ಹೆಸರು, ವಿಳಾಸಗಳು ಎಕ್ಸೆಲ್ ಹಾಳೆಯಲ್ಲಿದ್ದರೆ ಅದನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿ) ಉಳಿಸಿ ಕಾಂಟ್ಯಾಕ್ಟ್ಸ್‌ಗೆ ಇಂಪೋರ್ಟ್ ಮಾಡಿದರಾಯಿತು. ನಾನು ಮಾಲೀಕರು, ಬಾಡಿಗೆದಾರರು, ಸಮಿತಿ ಎಂದು ಮೂರು ಲೇಬಲ್ ಮಾಡಿಕೊಂಡಿದ್ದೇನೆ. ಖಜಾಂಚಿಯವರು ಮಾಲೀಕರಲ್ಲೂ ಇದ್ದಾರೆ, ಸಮಿತಿಯಲ್ಲೂ ಇದ್ದಾರೆ; ಅವರ ವಿಳಾಸ ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು. ಆದರೆ ಒಬ್ಬರಿಗೆ ಎರಡು ಇಮೇಲ್ ವಿಳಾಸಗಳಿದ್ದರೆ ಪತ್ರ ಯಾವುದಕ್ಕೆ ಹೋಗುತ್ತಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ವಿಳಾಸದ ಸಾಲಿನಲ್ಲಿ ಲೇಬಲ್ ಹೆಸರಿನ ಮೊದಲ ಅಕ್ಷರಗಳನ್ನು ಬರೆದರೆ ಇಡೀ ಪಟ್ಟಿ ಬಂದು ಕೂರುತ್ತದೆ. ಯಾವ ಸಾಲಿನಲ್ಲಿ ಎಂಬುದೇ ಇಲ್ಲಿ ಮುಖ್ಯ. ನನಗಿಂತ ಹಿಂದಿದ್ದವರು ಎಲ್ಲರನ್ನೂ 'ಟು' ಸಾಲಿಗೆ ಸುರಿಯುತ್ತಿದ್ದರು. ಒಮ್ಮೆ ಟ್ಯಾಂಕ್ ತೊಳೆಯುವ ಸೂಚನೆಗೆ ಹಿರಿಯರೊಬ್ಬರು 'ರಿಪ್ಲೈ ಆಲ್' ಒತ್ತಿ, ಎದುರು ಮನೆಯವರ ನಿರ್ವಹಣಾ ಶುಲ್ಕ ಎಷ್ಟು ತಿಂಗಳಿಂದ ಬಾಕಿ ಇದೆ ಎಂದು ಕೇಳಿದರು. ಎದುರು ಮನೆಯವರು ಸುಮ್ಮನಿರುತ್ತಾರೆಯೇ? ಅವರೂ ಎಲ್ಲರಿಗೂ ಉತ್ತರಿಸಿದರು. ಟ್ಯಾಂಕಿನ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ. ಈಗ 'ಟು' ಸಾಲಿನಲ್ಲಿ ಸಂಘದ ವಿಳಾಸ, 'ಬಿಸಿಸಿ' ಸಾಲಿನಲ್ಲಿ ಲೇಬಲ್. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರವೂ ಸಂಘಕ್ಕಷ್ಟೇ ಬರುತ್ತದೆ. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ 'ಅನ್‌ಡೂ ಸೆಂಡ್' (ಕಳುಹಿಸಿದ ಪತ್ರವನ್ನು ಹಿಂಪಡೆಯುವ) ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಲಗತ್ತು ಸೇರಿಸಿಲ್ಲ ಎಂಬುದು ಹೊಳೆಯುವುದೇ ಕಳುಹಿಸಿದ ಮೇಲೆ.

ಉಚಿತ ಜಿಮೇಲ್ ಖಾತೆಯಲ್ಲಿ ಒಂದು ಪತ್ರಕ್ಕೆ 500 ಜನರ ಮಿತಿ ಇದೆ. ದಾಟಿದರೆ 24 ಗಂಟೆಯವರೆಗೂ ಪತ್ರ ಕಳುಹಿಸಲಾಗದೆ ಕೂರಬೇಕಾಗಬಹುದು. ನಮ್ಮಂಥ ಬಡಾವಣೆಗೆ ಇದು ಧಾರಾಳ. ಲೇಬಲ್ ಅಳಿಸುವಾಗ ಮಾತ್ರ ಕಣ್ಣರಳಿಸಿ ಓದಿ: ಲೇಬಲ್ ಮಾತ್ರ ಹೋಗಲೋ, ಅದರೊಳಗಿನ ಹೆಸರುಗಳೂ ಹೋಗಲೋ ಎಂದು ಅದು ಕೇಳುತ್ತದೆ. ಅಳಿಸಿದ ಹೆಸರುಗಳು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತವೆ ಎಂಬುದೊಂದು ಸಮಾಧಾನ.

ನನ್ನ ಮಟ್ಟಿಗೆ ದೊಡ್ಡ ಕೊರತೆ ಬೇರೆ. ಪಟ್ಟಿ ಒಂದು ಖಾತೆಯ ಸ್ವತ್ತು. ಉಚಿತ ಖಾತೆಯಲ್ಲಿ ಅದನ್ನು ಅಧ್ಯಕ್ಷರೊಂದಿಗೆ ಹಂಚಿಕೊಳ್ಳುವ ದಾರಿ ಇಲ್ಲ. ಹಾಗಾಗಿ ಸ್ವಂತ ಖಾತೆಯಲ್ಲಿ ಪಟ್ಟಿ ಕಟ್ಟಬೇಡಿ, ಸಂಘದ ಹೆಸರಿನಲ್ಲೇ ಖಾತೆ ತೆರೆಯಿರಿ. ಸದಸ್ಯರು ತಮ್ಮತಮ್ಮಲ್ಲೇ ಚರ್ಚಿಸಬೇಕು, ಹಳೆಯ ಪತ್ರಗಳು ಹೊಸಬರಿಗೂ ಸಿಗಬೇಕು ಎಂದರೆ ಗೂಗಲ್ ಗ್ರೂಪ್ಸ್ ನೋಡಿ. ಅಲ್ಲಿ ಇಡೀ ಗುಂಪಿಗೆ ಒಂದೇ ವಿಳಾಸ. ಯಾವುದನ್ನೇ ಬಳಸಿದರೂ ಪಟ್ಟಿಯ ಸಿಎಸ್‌ವಿ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಸೇವೆಗಳು ಶಾಶ್ವತವಲ್ಲ: ಇಂಥದ್ದೇ ಗುಂಪು ಸೇವೆಯಾಗಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಬಾಗಿಲು ಹಾಕಿತು.

ಅಂಕ: ಐದಕ್ಕೆ ನಾಲ್ಕು. ಹಂಚಿಕೊಳ್ಳಲು ಬಿಟ್ಟ ದಿನ ಐದನೆಯದನ್ನೂ ಕೊಡುತ್ತೇನೆ.